ಹೊಳೆಯ ಪಯಣಕ್ಕೆ ಹಗುರವಾದ ಗಂಟು

ನಮ್ಮ ಮನೆಗಳಲ್ಲಿ ಪ್ರಯಾಣವೆಂದರೆ ಒಂದು ಸಣ್ಣ ದಂಡಯಾತ್ರೆಯ ಸನ್ನಾಹವೇ ಸರಿ. ಎರಡು ದಿನದ ಮಟ್ಟಿಗೆ ನೆಂಟರ ಊರಿಗೆ ಹೊರಟರೂ ನಾಲ್ಕು ಚೀಲ, ಒಂದು ಪೆಟ್ಟಿಗೆ, ಮೇಲೊಂದು ಬುಟ್ಟಿ ಬಾಗಿಲ ಬಳಿ ಸಾಲುಗಟ್ಟಿ ನಿಲ್ಲುತ್ತವೆ. “ಇಷ್ಟೆಲ್ಲ ಏಕೆ?” ಎಂದು ಯಜಮಾನರು ಕೇಳುತ್ತಾರೆ, ಕೇಳುತ್ತಲೇ ತಮ್ಮ ಮೂರನೆಯ ಷರಾಯಿಯನ್ನು ಚೀಲದೊಳಕ್ಕೆ ತುರುಕುತ್ತಾರೆ. “ಇರಲಿ, ಸಮಯಕ್ಕೆ ಬೇಕಾದೀತು” ಎಂಬುದು ಮನೆಯಾಕೆಯ ಉತ್ತರ. ಈ ‘ಇರಲಿ’ ಎಂಬ ಮೂರಕ್ಷರವೇ ನಮ್ಮ ಸಂಸಾರಗಳ ಅರ್ಧ ಸಾಮಾನಿಗೆ ಮೂಲ. ರೈಲಿನಲ್ಲಿಯೋ ಬಸ್ಸಿನಲ್ಲಿಯೋ ಅದಕ್ಕೆ ತೆರುವ ದಂಡ ಹೆಚ್ಚಿನದಲ್ಲ. ಹೊರುವವನಿಗೆ ಒಂದಿಷ್ಟು ಹಣ, ನಮ್ಮ ತೋಳಿಗೆ ಒಂದಿಷ್ಟು ನೋವು, ಅಷ್ಟೆ.

ಆದರೆ ನೀರಿನ ಮೇಲಿನ ಲೆಕ್ಕವೇ ಬೇರೆ. ದೋಣಿಯಲ್ಲಿಟ್ಟ ಒಂದೊಂದು ಕಿಲೋಗ್ರಾಂ ತೂಕವೂ ಒಂದೊಂದು ಲೀಟರಿನಷ್ಟು ನೀರನ್ನು ಪಕ್ಕಕ್ಕೆ ತಳ್ಳಿ ದೋಣಿಯನ್ನು ಕೆಳಕ್ಕೆ ಇಳಿಸುತ್ತದೆ. ಅಂಚಿಗೂ ನೀರಿಗೂ ನಡುವೆ ಇರುವ ಕೆಲವು ಅಂಗುಲಗಳೇ ಪ್ರಯಾಣಿಕನ ಆಯುಷ್ಯ. ‘ಇರಲಿ’ ಎಂದು ಹೇರಿದ ಪ್ರತಿಯೊಂದು ವಸ್ತುವೂ ಆ ಅಂಗುಲಗಳನ್ನು ಕಿತ್ತುಕೊಳ್ಳುತ್ತದೆ. ದೋಣಿಯಲ್ಲಿ ಹೊರಟು, ದಡದಲ್ಲಿ ಬಿಡಾರ ಹೂಡಿ, ರಾತ್ರಿ ಕಳೆದು ಮರುದಿನ ಮುಂದೆ ಸಾಗುವ ವಿಹಾರಕ್ಕೆ ಈಚೆಗೆ ನಮ್ಮ ತರುಣರೂ ಸಂಸಾರಸ್ಥರೂ ಮನಸೋಲುತ್ತಿದ್ದಾರೆ. ಅಂಥವರು ಮೊದಲು ಕಲಿಯಬೇಕಾದದ್ದು ಹುಟ್ಟು ಹಾಕುವುದನ್ನಲ್ಲ, ಗಂಟು ಕಟ್ಟುವುದನ್ನು.

ಎರಡು ಹೊಳೆ, ಒಂದು ಕೂಡಲಿ

ಶಿವಮೊಗ್ಗ, ಭದ್ರಾವತಿಗಳ ಜನಕ್ಕೆ ಹೊಳೆಯ ಪರಿಚಯವನ್ನು ಯಾರೂ ಮಾಡಿಕೊಡಬೇಕಾಗಿಲ್ಲ. ತುಂಗೆ, ಭದ್ರೆಯರಿಬ್ಬರೂ ವರಾಹಪರ್ವತದ ಗಂಗಾಮೂಲದಲ್ಲಿ ಹುಟ್ಟಿದವರು. ಹುಟ್ಟಿದೊಡನೆಯೇ ಬೇರೆ ಬೇರೆ ದಾರಿ ಹಿಡಿದು, ಒಬ್ಬಳು ಶೃಂಗೇರಿ, ತೀರ್ಥಹಳ್ಳಿಗಳನ್ನು ಬಳಸಿ ಶಿವಮೊಗ್ಗಕ್ಕೂ, ಇನ್ನೊಬ್ಬಳು ಕಳಸ, ಬಾಳೆಹೊನ್ನೂರು, ಲಕ್ಕವಳ್ಳಿಗಳನ್ನು ಹಾದು ಭದ್ರಾವತಿಗೂ ಬರುತ್ತಾರೆ. ಮುಂದೆ ಕೂಡಲಿಯಲ್ಲಿ ಒಂದಾಗಿ ತುಂಗಭದ್ರೆಯೆಂಬ ಹೆಸರು ತಳೆಯುತ್ತಾರೆ. ಶಿವಮೊಗ್ಗದಿಂದ ಕೂಡಲಿಗೆ ರಸ್ತೆಯಲ್ಲಿ ಸುಮಾರು 15 ಕಿಲೋಮೀಟರು. ಸಂಗಮದ ದಡದಲ್ಲಿ ಹೊಯ್ಸಳರ ಕಾಲದ ರಾಮೇಶ್ವರ ದೇವಾಲಯ, ಹತ್ತಿರದಲ್ಲೇ ಶಂಕರ, ಮಧ್ವ ಎರಡೂ ಪರಂಪರೆಗಳ ಮಠಗಳು. ನಕ್ಷೆಯನ್ನು ಹರಡಿ ನೋಡಿದವರಿಗೆ ಆಸೆ ಹುಟ್ಟುವಂತಹ ದಾರಿ: ಒಂದು ತಂಡ ತುಂಗೆಯಲ್ಲಿ, ಇನ್ನೊಂದು ಭದ್ರೆಯಲ್ಲಿ ಇಳಿದು, ಸಂಗಮದಲ್ಲಿ ಭೇಟಿಯಾದರೆ!

ಆಸೆ ಸುಂದರವಾದದ್ದೇ. ಆದರೆ ತುಂಗೆಗೆ ಶಿವಮೊಗ್ಗದ ಮೇಲೆ ಗಾಜನೂರಿನಲ್ಲಿ ಅಣೆಕಟ್ಟು. ಭದ್ರೆಗೆ ಲಕ್ಕವಳ್ಳಿಯಲ್ಲಿ ಜಲಾಶಯ, ಕೆಳಗೆ ಗೊಂದಿಯಲ್ಲಿ ಇನ್ನೊಂದು ಒಡ್ಡು. ಮೇಲೆ ಬಾಗಿಲು ತೆರೆದರೆ ಕೆಳಗೆ ನೀರು ಏರುತ್ತದೆ. ಮುಚ್ಚಿದರೆ ಬಂಡೆಗಳು ಬೆನ್ನು ತೋರಿಸುತ್ತವೆ. ನೀರು ತೆಳುವಾದಲ್ಲಿ ದೋಣಿಯನ್ನೂ ಸಾಮಾನನ್ನೂ ಹೊತ್ತು ನಡೆಯುವುದೊಂದೇ ಉಪಾಯ. ಗಂಟಿನ ಭಾರವೆಷ್ಟೆಂಬ ಸತ್ಯ ಪ್ರಯಾಣಿಕನಿಗೆ ತಿಳಿಯುವುದು ಆಗಲೇ. ನೀರಿನಲ್ಲಿ ದೋಣಿ ನಮ್ಮನ್ನು ಹೊರುತ್ತದೆ. ಬಂಡೆಯ ಮೇಲೆ ನಾವು ದೋಣಿಯನ್ನು ಹೊರಬೇಕು.

ಹರಿಗೋಲು ಕಲಿಸಿದ ಪಾಠ

ಹಗುರಾದ ದೋಣಿಯ ವಿದ್ಯೆಯನ್ನು ನಾವು ಪರದೇಶದಿಂದ ತರಬೇಕಾಗಿಲ್ಲ. ನಮ್ಮ ಹರಿಗೋಲು, ಅಥವಾ ನಮ್ಮ ಕಡೆಯ ಮಾತಿನಲ್ಲಿ ತೆಪ್ಪ, ಈ ವಿದ್ಯೆಯಲ್ಲಿ ಯಾವ ದೇಶದ ದೋಣಿಗೂ ತಲೆಬಾಗುವಂಥದ್ದಲ್ಲ. ಬಿದಿರಿನ ಸೀಳುಗಳಿಂದ ಹೆಣೆದ ಅಗಲವಾದ ಬುಟ್ಟಿ. ಅದರ ಹೊರಮೈಗೆ ಹಿಂದೆ ಚರ್ಮ, ಅನಂತರ ಟಾರು ಬಳಿದ ಬಟ್ಟೆ, ಇಂದು ಬಹುಮಟ್ಟಿಗೆ ಪ್ಲಾಸ್ಟಿಕ್ ಹಾಳೆ. ಮೊಳೆಯಿಲ್ಲ, ಹಲಗೆಯಿಲ್ಲ. ತಳ ಚಪ್ಪಟೆಯಾದ್ದರಿಂದ ಮೊಣಕಾಲುದ್ದದ ನೀರೂ ಅದಕ್ಕೆ ಸಾಕು. ಒಬ್ಬನೇ ಕುಳಿತು ಮೀನು ಹಿಡಿಯುವಷ್ಟರ ತೆಪ್ಪವನ್ನು ಬೆಸ್ತನು ಆಮೆಯ ಚಿಪ್ಪಿನಂತೆ ಬೆನ್ನಿಗೇರಿಸಿಕೊಂಡು ಮನೆಗೆ ನಡೆಯುತ್ತಾನೆ. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಬಳಿ ಇಂಥ ದುಂಡು ದೋಣಿಗಳನ್ನು ನೋಡಿ ಬೆರಗಾಗಿ ಬರೆದಿಟ್ಟಿದ್ದಾನೆ. ಹದಿನೈದಿಪ್ಪತ್ತು ಜನರನ್ನು, ಅಗತ್ಯಬಿದ್ದರೆ ಕುದುರೆ, ಎತ್ತುಗಳನ್ನೂ ಅವು ದಾಟಿಸುತ್ತಿದ್ದವಂತೆ. ನೆಟ್ಟಗೆ ಹೋಗಲಾರದೆ ಗಿರಗಿರನೆ ಸುತ್ತುತ್ತಿದ್ದವಂತೆ. ಐದು ಶತಮಾನಗಳ ಮೇಲೂ ಅವುಗಳ ಆ ಅಭ್ಯಾಸ ತಪ್ಪಿಲ್ಲ.

ಈ ಹರಿಗೋಲಿಗೆ ದೂರದ ದಾಯಾದಿಗಳೂ ಉಂಟು. ಕ್ರಿಸ್ತಪೂರ್ವ ಐದನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸನು ಬ್ಯಾಬಿಲೋನಿಗೆ ಬರುತ್ತಿದ್ದ ದುಂಡು ದೋಣಿಗಳ ಬಗ್ಗೆ ಒಂದು ಸೊಗಸಾದ ಸಂಗತಿ ಹೇಳುತ್ತಾನೆ. ಮೇಲಿನ ಅರ್ಮೇನಿಯಾ ಸೀಮೆಯ ವ್ಯಾಪಾರಿಗಳು ಕಡ್ಡಿಗಳ ಚೌಕಟ್ಟಿಗೆ ಚರ್ಮ ಹೊದಿಸಿ ದೋಣಿ ಮಾಡಿ, ಸರಕಿನೊಡನೆ ಒಂದು ಕತ್ತೆಯನ್ನೂ ಹತ್ತಿಸಿಕೊಂಡು ಹೊಳೆಯಲ್ಲಿ ತೇಲಿಬರುತ್ತಿದ್ದರು. ಪಟ್ಟಣ ಸೇರಿ ಸರಕು ಮಾರಿದ ಮೇಲೆ ದೋಣಿಯ ಚೌಕಟ್ಟನ್ನೂ ಮಾರಿಬಿಡುತ್ತಿದ್ದರು. ಚರ್ಮವನ್ನು ಮಾತ್ರ ಮಡಿಸಿ ಕತ್ತೆಯ ಮೇಲೆ ಹೇರಿ, ನೆಲದ ದಾರಿಯಲ್ಲಿ ಊರಿಗೆ ಹಿಂದಿರುಗುತ್ತಿದ್ದರು. ಹೊಳೆಯ ರಭಸಕ್ಕೆ ಎದುರಾಗಿ ದೋಣಿ ಮೇಲೇರದು ಎಂಬುದನ್ನು ಬಲ್ಲ ಆ ಜನ ಹಿಂದಿರುಗುವ ದಾರಿಯನ್ನು ಹೊರಡುವ ಮೊದಲೇ ಲೆಕ್ಕ ಹಾಕಿದ್ದರು. ಏನನ್ನು ಒಯ್ಯಬೇಕು, ಏನನ್ನು ಕಳೆದುಕೊಳ್ಳಬಹುದು, ಏನನ್ನು ಮರಳಿ ತರಲೇಬೇಕು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಗೊತ್ತಿದ್ದವನು ಯಾವ ಹೊಳೆಯಲ್ಲಾದರೂ ಪ್ರಯಾಣಿಸಬಲ್ಲ.

ಹೊಳೆ, ದೋಣಿ, ಅಂಬಿಗರನ್ನು ನಮ್ಮ ಸಾಹಿತ್ಯವೂ ಮರೆತಿಲ್ಲ. ಹನ್ನೆರಡನೆಯ ಶತಮಾನದ ಶರಣ ಅಂಬಿಗರ ಚೌಡಯ್ಯನು ಕಾಯಕದಿಂದ ದೋಣಿ ನಡೆಸುವವನು. ಪುರಂದರದಾಸರು ದೇವರನ್ನೇ ಅಂಬಿಗನೆಂದು ಕರೆದು, ಈ ದೇಹವನ್ನು ನವದ್ವಾರಗಳ ದೋಣಿಯಾಗಿ ಕಂಡರು. ಸೋರುವ ದೋಣಿಗೆ ಹೊರೆ ಹೆಚ್ಚಬಾರದೆಂಬ ಅರಿವು ಅಂಬಿಗನಿಗೂ ಅನುಭಾವಿಗೂ ಸಮಾನವಾದದ್ದು.

ಹನ್ನೆರಡು ಕಿಲೋದ ಮಹಾನುಭಾವ

ಇಂದು ವಿಹಾರಕ್ಕೆ ಬಳಸುವ ಉದ್ದನೆಯ, ಎರಡೂ ತುದಿ ಮೊನಚಾದ, ಮೇಲೆ ತೆರೆದ ದೋಣಿಯನ್ನು ‘ಕನೂ’ ಎನ್ನುತ್ತಾರೆ. ಒಂದೇ ಅಲಗಿನ ಹುಟ್ಟು ಅದರದು. ಮೇಲ್ಭಾಗ ಮುಚ್ಚಿ, ಎರಡಲಗಿನ ಹುಟ್ಟಿನಿಂದ ನಡೆಸುವುದು ‘ಕಯಾಕ್’. ಕನೂ ಉತ್ತರ ಅಮೆರಿಕದ ಮೂಲನಿವಾಸಿಗಳು ಬರ್ಚ್ ಮರದ ತೊಗಟೆಯಿಂದ ರೂಪಿಸಿದ ದೋಣಿ. ಅದನ್ನು ಅನುಸರಿಸಿಯೇ ತುಪ್ಪಳಿನ ವ್ಯಾಪಾರದ ಕೆಲಸಗಾರರು ಕೆನಡಾದ ಹೊಳೆ, ಸರೋವರಗಳನ್ನು ದಾಟಿದರು. ಅಬ್ಬಿ, ಬಂಡೆಗಳು ಎದುರಾದಲ್ಲಿ ಒಂದೊಂದು ಕಟ್ಟಿಗೆ 90 ಪೌಂಡು, ಎಂದರೆ ಸುಮಾರು 41 ಕಿಲೋ ತೂಗುವ ಹೊರೆಗಳನ್ನು ಎರಡೆರಡಾಗಿ ಬೆನ್ನಿಗೆ ಹಾಕಿಕೊಂಡು ನಡೆಯುತ್ತಿದ್ದರು. ರಾತ್ರಿ ಕನೂವನ್ನೇ ಬೋರಲು ಹಾಕಿ ಅದರಡಿ ಮಲಗುತ್ತಿದ್ದರು. ಅವರದು ಹೊಟ್ಟೆಪಾಡು, ಭಾರ ಅವರಿಗೆ ಅನಿವಾರ್ಯ. ವಿಹಾರಕ್ಕೆ ಹೊರಡುವ ನಾವು ಅನುಕರಿಸಬೇಕಾದದ್ದು ಅವರನ್ನಲ್ಲ.

ನಮಗೆ ಗುರುವಾಗಬಲ್ಲವನು ಜಾರ್ಜ್ ವಾಷಿಂಗ್ಟನ್ ಸಿಯರ್ಸ್ ಎಂಬ ಅಮೆರಿಕನ್. ‘ನೆಸ್ಮಕ್’ ಎಂಬ ಕಾವ್ಯನಾಮದಲ್ಲಿ ಬರೆಯುತ್ತಿದ್ದ ಈತ ಪಾದರಕ್ಷೆ ಮಾಡಿ ಬದುಕುತ್ತಿದ್ದ, ಕುಳ್ಳಗಿನ, ಸಣಕಲು ಮೈಯ, ಶ್ವಾಸಕೋಶದ ಬೇನೆಯಿಂದ ಬಳಲುತ್ತಿದ್ದ ಮನುಷ್ಯ. ಅರವತ್ತು ದಾಟಿದ ವಯಸ್ಸಿನಲ್ಲಿ, 1883ರಲ್ಲಿ, ನ್ಯೂಯಾರ್ಕ್ ಸಂಸ್ಥಾನದ ಆಡಿರಾಂಡ್ಯಾಕ್ ಕಾಡಿನ ಸರೋವರಗಳಲ್ಲಿ ಒಬ್ಬನೇ ಸಂಚರಿಸಿದ. ಜೆ. ಹೆನ್ರಿ ರಷ್ಟನ್ ಎಂಬ ಕುಶಲಿ ಅವನಿಗಾಗಿ ಕಟ್ಟಿಕೊಟ್ಟ ‘ಸೇರಿ ಗ್ಯಾಂಪ್’ ಎಂಬ ದೋಣಿಯ ತೂಕ ಕೇವಲ ಹತ್ತೂವರೆ ಪೌಂಡು. ನಮ್ಮ ಅಳತೆಯಲ್ಲಿ ಐದು ಕಿಲೋಗೂ ಕಡಿಮೆ! ದೋಣಿ, ಹೊದಿಕೆಯ ಚೀಲ, ಬದಲಿ ಬಟ್ಟೆ, ಎರಡು ದಿನದ ಆಹಾರ, ಚಿಕ್ಕ ಕೊಡಲಿ, ಗಾಳದ ಕೋಲು ಎಲ್ಲವೂ ಸೇರಿ ಅವನ ಹೊರೆ 26 ಪೌಂಡನ್ನು, ಅಂದರೆ ಹನ್ನೆರಡು ಕಿಲೋವನ್ನು ಮೀರಲಿಲ್ಲ. ಬಲಿಷ್ಠನಾಗಿದ್ದರೆ ಈ ವಿದ್ಯೆಯನ್ನು ಅವನು ಕಲಿಯುತ್ತಲೇ ಇರಲಿಲ್ಲವೇನೋ. ಮೈಯಲ್ಲಿ ಬಲ ಕಡಿಮೆಯಾದ್ದರಿಂದ ಗಂಟಿನಲ್ಲಿ ತೂಕ ಕಡಿಮೆ ಮಾಡಿದ. ಆದ್ದರಿಂದಲೇ ಕಾಡು ಕಂಡ. ಮಕ್ಕಳು, ವಯಸ್ಸಾದವರು, ಮೆಲುಮೈಯವರು ಇರುವ ನಮ್ಮ ಸಂಸಾರಗಳಿಗೆ ಇದಕ್ಕಿಂತ ಧೈರ್ಯ ಕೊಡುವ ದೃಷ್ಟಾಂತ ಬೇಕೆ?

ಮೂರು ರಾಶಿ

ಹೊರಡುವುದಕ್ಕೆ ಎರಡು ದಿನ ಮುಂಚೆ, ಒಯ್ಯಬೇಕೆಂದುಕೊಂಡ ವಸ್ತುಗಳನ್ನೆಲ್ಲ ನಡುಮನೆಯಲ್ಲಿ ಹಾಸಿದ ಚಾಪೆಯ ಮೇಲೆ ಹರಡಬೇಕು. ಚೀಲವನ್ನು ಮಾತ್ರ ಇನ್ನೂ ತೆರೆಯಬಾರದು. ಖಾಲಿ ಚೀಲವನ್ನು ಕಂಡರೆ ತುಂಬಬೇಕೆನ್ನಿಸುವುದು ಮನುಷ್ಯಸ್ವಭಾವ. ಹರಡಿದ ಮೇಲೆ ಮೂರು ರಾಶಿ ಮಾಡಬೇಕು. ಇಲ್ಲದಿದ್ದರೆ ಪ್ರಾಣಕ್ಕೋ ಆರೋಗ್ಯಕ್ಕೋ ಅಪಾಯವಾಗುವಂಥವು ಮೊದಲನೆಯ ರಾಶಿ. ಇಲ್ಲದಿದ್ದರೆ ರಾತ್ರಿ ನಿದ್ದೆ ಬಾರದಂಥವು, ಹಸಿವು ತೀರದಂಥವು ಎರಡನೆಯದು. ‘ಇರಲಿ’ ಎಂಬಂಥವು ಮೂರನೆಯದು. ಮೂರನೆಯ ರಾಶಿ ದೊಡ್ಡದಾಗಿರುವುದನ್ನು ಕಂಡು ನಾಚಬೇಕಾಗಿಲ್ಲ. ಎಲ್ಲರ ಮನೆಯಲ್ಲೂ ಅದು ದೊಡ್ಡದೇ. ಅದನ್ನು ಹಾಗೆಯೇ ಕಪಾಟಿಗೆ ಹಿಂದಿರುಗಿಸಿದರಾಯಿತು.

ಉಳಿದ ಎರಡು ರಾಶಿಗಳ ಒಂದೊಂದು ವಸ್ತುವಿನಿಂದ ಎರಡು ಮೂರು ಕೆಲಸ ತೆಗೆಯಲು ಸಾಧ್ಯವೇ ಎಂದು ಅನಂತರ ನೋಡಬೇಕು. ಈ ಪರೀಕ್ಷೆಯಲ್ಲಿ ನಮ್ಮ ಪಾಣಿಪಂಚೆಗೆ ಪ್ರಥಮ ಸ್ಥಾನ. ಮೈ ಒರೆಸಲು, ತಲೆಗೆ ಸುತ್ತಲು, ಬಿಸಿ ಪಾತ್ರೆ ಇಳಿಸಲು, ಕೆಸರು ನೀರನ್ನು ಸೋಸಲು, ಉಳುಕಿದ ಕೈಗೆ ಜೋಲಿ ಕಟ್ಟಲು, ಎಲ್ಲಕ್ಕೂ ಅದೊಂದೇ ಸಾಕು. ಹಿಂಡಿ ಕೊಂಬೆಗೆ ಹಾಕಿದರೆ ಬೇಗನೆ ಒಣಗುತ್ತದೆ. ದಪ್ಪನೆಯ ಟರ್ಕಿ ಟವೆಲ್ಲು ನೀರು ಕುಡಿದು ಮರುದಿನ ಮಧ್ಯಾಹ್ನದವರೆಗೂ ಭಾರವಾಗಿಯೇ ಇರುತ್ತದೆ. ಕಂಬಳಿಯೂ ಹೀಗೆಯೇ ಬಹೂಪಯೋಗಿ. ಮಲೆನಾಡಿನ ರೈತ ಅದನ್ನು ಕೊಪ್ಪೆಯಾಗಿ ಮಡಿಸಿ ಮಳೆಗೆ ತಲೆಯ ಮೇಲೆ ಹಾಕಿಕೊಳ್ಳುತ್ತಾನೆ, ಹಾಸುತ್ತಾನೆ, ಹೊದೆಯುತ್ತಾನೆ. ಒದ್ದೆಯಾದರೂ ಉಣ್ಣೆ ಒಂದಿಷ್ಟು ಬೆಚ್ಚಗಿರುವುದು ಅದರ ಗುಣ. ತೂಕ ಮಾತ್ರ ಅದರ ದೋಷ. ದೋಣಿಗೆ ತೆಳುವಾದ ರಜಾಯಿ, ಒಂದು ಉಣ್ಣೆಯ ಸ್ವೆಟರು ಸಾಕು.

ಬಟ್ಟೆಯ ವಿಷಯದಲ್ಲಿ ಸೂತ್ರ ಒಂದೇ: ಮೈಮೇಲೆ ಒಂದು ಜೊತೆ, ಚೀಲದಲ್ಲಿ ಒಂದು ಜೊತೆ. ಮೈಮೇಲಿನದು ನೆನೆಯಲಿಕ್ಕೆ, ಚೀಲದ್ದು ರಾತ್ರಿ ಒಣಗಿದ ಮೈಗೆ ತೊಡಲಿಕ್ಕೆ. ಬೆಳಿಗ್ಗೆ ಎದ್ದು ಒದ್ದೆ ಬಟ್ಟೆಯನ್ನೇ ಮತ್ತೆ ತೊಡುವುದು ಹಿತವಲ್ಲವಾದರೂ, ಒಣಬಟ್ಟೆಯನ್ನು ರಾತ್ರಿಗೆ ಉಳಿಸಿಕೊಳ್ಳಬೇಕು. ಹತ್ತಿಯ ದಪ್ಪ ಷರಾಯಿಗಳು, ಅದರಲ್ಲೂ ಜೀನ್ಸ್, ಹೊಳೆಗೆ ಸಲ್ಲವು. ಒದ್ದೆಯಾದ ಹತ್ತಿ ಮೈಯ ಶಾಖವನ್ನು ಹೀರುತ್ತದೆ. ಈಜುವವನ ಕಾಲಿಗೆ ಕಲ್ಲು ಕಟ್ಟಿದಂತಾಗುತ್ತದೆ.

ಅಡುಗೆಮನೆಯ ಗಂಟು

ಭಾರದ ದೊಡ್ಡ ಪಾಲು ಹೊಟ್ಟೆಯದು. ಭದ್ರಾವತಿಯ ಕಾರ್ಖಾನೆ 1923ರಲ್ಲಿ ಕಬ್ಬಿಣ ಕರಗಿಸಲು ತೊಡಗಿದಾಗಿನಿಂದ ಕಬ್ಬಿಣವೆಂದರೆ ಈ ಸೀಮೆಗೆ ಹೆಮ್ಮೆ. ಆದರೂ ಕಬ್ಬಿಣದ ಕಾವಲಿಯನ್ನು ದೋಣಿಗೆ ಹತ್ತಿಸುವುದು ಬೇಡ. ಪ್ರೆಷರ್ ಕುಕ್ಕರು, ಹಿತ್ತಾಳೆಯ ತಪ್ಪಲೆ, ಲಟ್ಟಣಿಗೆ, ಮಣೆ, ಇವೆಲ್ಲ ಮನೆಯಲ್ಲೇ ವಿಶ್ರಮಿಸಲಿ. ಒಂದರೊಳಗೊಂದು ಕೂರುವ ಎರಡು ಅಲ್ಯುಮಿನಿಯಂ ಪಾತ್ರೆ, ಒಂದು ಮುಚ್ಚಳ, ಒಂದು ಸೌಟು, ತಲೆಗೊಂದು ತಟ್ಟೆ, ಲೋಟ ಇದ್ದರೆ ನಾಲ್ಕು ಜನರ ಅಡುಗೆ ಸಾಗುತ್ತದೆ. ಮುಚ್ಚಳವೇ ಅಗತ್ಯಬಿದ್ದರೆ ಬಾಣಲೆ. ಗಾಜಿನದು ಯಾವುದೂ ಕೂಡದು; ಉಪ್ಪಿನಕಾಯಿಯ ಜಾಡಿಯಂತೂ ದೋಣಿಯಲ್ಲಿ ಒಡೆಯಲೆಂದೇ ಹುಟ್ಟಿದ್ದು.

ಮಾಡಿಟ್ಟ ಅಡುಗೆಯನ್ನು ಹೊರುವುದೆಂದರೆ ಹೊಳೆಗೆ ನೀರು ಹೊತ್ತಂತೆ. ಒಂದು ಕಿಲೋ ಅಕ್ಕಿ ಅನ್ನವಾಗುವಾಗ ಕುಡಿಯುವ ನೀರು ಅದರ ತೂಕವನ್ನು ಎರಡು ಮೂರು ಪಟ್ಟು ಹೆಚ್ಚಿಸುತ್ತದೆ. ಮೊದಲ ಮಧ್ಯಾಹ್ನಕ್ಕೆ ಮಾತ್ರ ಮೊಸರನ್ನದ ಬುತ್ತಿ ಕಟ್ಟಿಕೊಂಡು, ಮುಂದಿನ ಹೊತ್ತುಗಳಿಗೆ ಒಣಪದಾರ್ಥ ಒಯ್ಯುವುದು ಜಾಣತನ. ನಮ್ಮ ಅಜ್ಜಿಯರು ಈ ಶಾಸ್ತ್ರದಲ್ಲಿ ಪಾರಂಗತರಾಗಿದ್ದರು. ಹುರಿಹಿಟ್ಟು, ಅವಲಕ್ಕಿ, ಹುರಿಗಡಲೆ, ಬೆಲ್ಲ, ಕೊಬ್ಬರಿ, ಚಟ್ನಿಪುಡಿ, ಪುಳಿಯೋಗರೆಯ ಗೊಜ್ಜು, ಮನೆಯಲ್ಲೇ ಹುರಿದು ಒಗ್ಗರಣೆ ಬೆರೆಸಿದ ಉಪ್ಪಿಟ್ಟಿನ ರವೆ, ಇವುಗಳಲ್ಲಿ ಕೆಲವಕ್ಕೆ ಬಿಸಿನೀರು ಸಾಕು, ಕೆಲವಕ್ಕೆ ತಣ್ಣೀರೇ ಸಾಕು. ಕುಚೇಲನು ಶ್ರೀಕೃಷ್ಣನನ್ನು ನೋಡಹೊರಟಾಗ ಉತ್ತರೀಯದ ತುದಿಯಲ್ಲಿ ಕಟ್ಟಿಕೊಂಡದ್ದು ಅವಲಕ್ಕಿಯನ್ನೇ. ಬಡತನದ ಮಾತು ಹಾಗಿರಲಿ. ಕೆಡದ, ಸೋರದ, ಬೆಂಕಿ ಬೇಡದ, ಹಿಡಿಯಷ್ಟಕ್ಕೇ ಹೊಟ್ಟೆ ತುಂಬುವ ಬುತ್ತಿ ಅದಕ್ಕಿಂತ ಇನ್ನೊಂದಿಲ್ಲ. ಒಣಪದಾರ್ಥ ದಿನವೊಂದಕ್ಕೆ ತಲೆಗೆ ಮುಕ್ಕಾಲು ಕಿಲೋ ಎಂದು ಹಿಡಿದರೆ ಧಾರಾಳವಾಯಿತು. ಒಂದೊಂದು ಹೊತ್ತಿನದನ್ನು ಒಂದೊಂದು ಪೊಟ್ಟಣವಾಗಿ ಕಟ್ಟಿ, ಮೇಲೆ ‘ಶನಿವಾರ ರಾತ್ರಿ’, ‘ಭಾನುವಾರ ಬೆಳಿಗ್ಗೆ’ ಎಂದು ಬರೆದಿಟ್ಟರೆ ಕತ್ತಲಲ್ಲಿ ತಡಕಾಟವಿಲ್ಲ, ಮೂರನೆಯ ಹೊತ್ತಿನದನ್ನು ಮೊದಲನೆಯ ಹೊತ್ತೇ ಮುಗಿಸುವ ಮಕ್ಕಳ ಕಾಟವೂ ಇಲ್ಲ.

ನೀರಿನ ಮಾತು ಬೇರೆ. “ಗಂಗಾ ಸ್ನಾನ, ತುಂಗಾ ಪಾನ” ಎಂಬ ನಾಣ್ಣುಡಿಯನ್ನು ನಂಬಿ ಬೊಗಸೆಯಲ್ಲಿ ಎತ್ತಿ ಕುಡಿಯುವ ಕಾಲ ಇದಲ್ಲ. ಊರುಗಳ ಚರಂಡಿ ಸೇರಿದ ಹೊಳೆಯ ನೀರನ್ನು ಬಟ್ಟೆಯಲ್ಲಿ ಸೋಸಿ, ಚೆನ್ನಾಗಿ ಕುದಿ ಬಂದ ಮೇಲೆ ಒಂದು ನಿಮಿಷವಾದರೂ ಕುದಿಸಬೇಕು. ಕಾರ್ಖಾನೆ, ಗದ್ದೆಗಳಿಂದ ಬಂದು ಸೇರಿದ ರಾಸಾಯನಿಕ ಕುದಿಸಿದರೂ ಹೋಗದು. ಆದ್ದರಿಂದ ಪಟ್ಟಣದ ಕೆಳಭಾಗದಲ್ಲಿ ಹೊಳೆಯ ನೀರನ್ನು ನಂಬದೆ, ತಲೆಗೆರಡು ಲೀಟರು ಮನೆಯಿಂದಲೇ ಒಯ್ಯುವುದು, ದಾರಿಯ ಹಳ್ಳಿಗಳಲ್ಲಿ ತುಂಬಿಸಿಕೊಳ್ಳುವುದು ಲೇಸು. ಎರಡು ಲೀಟರೆಂದರೆ ಎರಡು ಕಿಲೋ. ನಮ್ಮ ಗಂಟಿನಲ್ಲಿ ಇದೊಂದೇ ಅತಿ ಭಾರದ ವಸ್ತು. ಇದನ್ನು ಮಾತ್ರ ಕಡಿಮೆ ಮಾಡಲಾಗದು.

ತಕ್ಕಡಿಯ ತೀರ್ಪು

ಈಗ ಒಂದು ಲೆಕ್ಕ. ನಾಲ್ಕು ಜನ, ಎರಡು ಹಗಲು, ಒಂದು ರಾತ್ರಿ. ಒಬ್ಬೊಬ್ಬರದು: ಬದಲಿ ಬಟ್ಟೆ 500 ಗ್ರಾಂ, ಪಾಣಿಪಂಚೆ 100, ಸ್ವೆಟರು 400, ತೆಳುವಾದ ರಜಾಯಿ 800, ಮಲಗಲು ಫೋಮಿನ ಚಾಪೆ 300, ತಟ್ಟೆ, ಲೋಟ 200, ಟಾರ್ಚು, ಚಾಕು, ಸಿಳ್ಳೆ, ಸಾಬೂನು ಇತ್ಯಾದಿ 300. ಒಟ್ಟು 2,600 ಗ್ರಾಂ. ಇದಕ್ಕೆ ಆಹಾರ ಒಂದೂವರೆ ಕಿಲೋ, ನೀರು ಎರಡು ಕಿಲೋ ಸೇರಿದರೆ 6 ಕಿಲೋ 100 ಗ್ರಾಂ. ಇನ್ನು ಎಲ್ಲರಿಗೂ ಸೇರಿದ್ದು: ಸೊಳ್ಳೆ ಬಾರದಂತೆ ಬಲೆಯಿರುವ ಎರಡು ನೈಲಾನ್ ಗುಡಾರ 5 ಕಿಲೋ, ಪಾತ್ರೆ 1 ಕಿಲೋ, ಚಿಕ್ಕ ಒಲೆ, ಇಂಧನ ಒಂದೂವರೆ ಕಿಲೋ, ನೈಲಾನ್ ಹಗ್ಗ ಅರ್ಧ ಕಿಲೋ, ಔಷಧದ ಡಬ್ಬಿ ಅರ್ಧ ಕಿಲೋ. ಒಟ್ಟು ಎಂಟೂವರೆ ಕಿಲೋವನ್ನು ನಾಲ್ಕು ಪಾಲು ಮಾಡಿದರೆ ತಲೆಗೆ ಎರಡು ಕಿಲೋಗೆ ತುಸು ಹೆಚ್ಚು. ಅಂತೂ ಒಬ್ಬೊಬ್ಬರ ಹೊರೆ ಸುಮಾರು ಎಂಟೂಕಾಲು ಕಿಲೋ.

ಸಿಯರ್ಸ್ ಮಹಾಶಯನ ಹೊರೆಯಿಂದ ದೋಣಿಯ ತೂಕವನ್ನು ಕಳೆದರೆ ಉಳಿಯುವುದು ಏಳು ಕಿಲೋ. ಅವನು ಸರೋವರದ ನೀರನ್ನೇ ಕುಡಿದವನು. ನಮ್ಮದರಲ್ಲಿ ಎರಡು ಕಿಲೋ ನೀರೇ ಇದೆ. ಹೀಗೆ ನೋಡಿದರೆ ನಾವು ಅವನಿಗೆ ಸೋತವರಲ್ಲ. ಇದರಲ್ಲಿ ದುಬಾರಿ ವಸ್ತು ಗುಡಾರವೊಂದೇ. ಅದನ್ನು ಬಾಡಿಗೆಗೆ ಪಡೆಯಬಹುದು, ಇಲ್ಲವೆ ಹಗುರವಾದ ತಾಡಪಾಲು, ಸೊಳ್ಳೆಪರದೆಗಳಿಂದ ಸುಧಾರಿಸಬಹುದು. ಹಗುರವಾದ ಸಾಮಾನು ಅಂಗಡಿಯಲ್ಲಿ ಸಾವಿರಾರು ರೂಪಾಯಿಗೆ ಸಿಗುತ್ತದೆ, ನಿಜ. ಆದರೆ ಬಿಟ್ಟುಹೋದ ವಸ್ತುವಿನಷ್ಟು ಹಗುರವಾದದ್ದೂ ಅಗ್ಗವಾದದ್ದೂ ಯಾವ ಅಂಗಡಿಯಲ್ಲಿಯೂ ಸಿಗದು. ಸಾಮಾನು ಕೊಕ್ಕೆಗೆ ಸಿಕ್ಕಿಸಿ ತೂಗುವ ಸಣ್ಣ ತಕ್ಕಡಿಯೊಂದು ಮನೆಯಲ್ಲಿದ್ದರೆ ವಾದವಿವಾದಕ್ಕೆ ಎಡೆಯೇ ಇಲ್ಲ. ಗಂಡ ಹೆಂಡಿರಿಬ್ಬರೂ ಅದರ ತೀರ್ಪಿಗೆ ತಲೆಬಾಗಲೇಬೇಕು.

ಕಟ್ಟುವ ಬಗೆ

ಆರಿಸಿದ ಮೇಲೆ ಕಟ್ಟುವುದು. ಒಣಗಿರಬೇಕಾದ ವಸ್ತುಗಳಿಗೆ ಬಾಯನ್ನು ಸುರುಳಿ ಸುತ್ತಿ ಮುಚ್ಚುವ ಜಲನಿರೋಧಕ ಚೀಲಗಳುಂಟು. ಬಾಯಂಚನ್ನು ಮೂರು ಸುತ್ತಾದರೂ ಮಡಿಸಿ ಕೊಂಡಿ ಹಾಕಬೇಕು. ಅವು ಇಲ್ಲದಿದ್ದರೆ ಗಟ್ಟಿಯಾದ ಪ್ಲಾಸ್ಟಿಕ್ ಚೀಲವೊಂದರೊಳಗೆ ಇನ್ನೊಂದನ್ನಿಟ್ಟು, ಎರಡರ ಬಾಯನ್ನೂ ಬೇರೆ ಬೇರೆಯಾಗಿ ತಿರುಚಿ ಕಟ್ಟಬಹುದು. ಒಳಗೆ ತುಸು ಗಾಳಿ ಉಳಿದಿದ್ದರೆ ಕೈಜಾರಿ ನೀರಿಗೆ ಬಿದ್ದ ಚೀಲ ಮುಳುಗದೆ ತೇಲುತ್ತದೆ. ನೆಂದ ಚೀಲ ಮುಳುಗುವುದಷ್ಟೇ ಅಲ್ಲ, ಸಿಕ್ಕರೂ ಇಮ್ಮಡಿ ತೂಗುತ್ತದೆ. ರಾತ್ರಿಯ ಬಟ್ಟೆ, ಹೊದಿಕೆ ಒಂದರಲ್ಲಿ, ಆಹಾರ ಇನ್ನೊಂದರಲ್ಲಿ, ಬೆಂಕಿಪೊಟ್ಟಣ, ಔಷಧ, ಮೊಬೈಲು ಮೂರನೆಯ ಚಿಕ್ಕದರಲ್ಲಿ, ಕೈಗೆಟುಕುವಂತೆ. ಒಂದೇ ದೊಡ್ಡ ಮೂಟೆಗಿಂತ ಹಲವು ಚಿಕ್ಕವು ಮೇಲು. ಹಂಚಿ ಇಡಲೂ ಹಂಚಿ ಹೊರಲೂ ಅನುಕೂಲ.

ದೋಣಿಯಲ್ಲಿ ಭಾರವಾದದ್ದು ತಳದಲ್ಲಿ, ನಡುವಿನಲ್ಲಿ ಇರಬೇಕು. ಕನೂವಿನ ಮೂತಿ ತಗ್ಗಿದರೆ ಅದು ಹೇಳಿದ ಮಾತು ಕೇಳುವುದಿಲ್ಲ. ಒಂದು ಮಗ್ಗುಲಿಗೆ ವಾಲಿದರೆ ಮುಂದಿನ ಸೆಳವಿನಲ್ಲಿ ಮಗುಚುತ್ತದೆ. ಹರಿಗೋಲಿನಲ್ಲಾದರೆ ಸಾಮಾನು ನಡುವೆ, ಜನ ಸುತ್ತಲೂ, ಎಲ್ಲರೂ ತಳದಲ್ಲಿ ಕುಳಿತು. ಫೋಟೋ ತೆಗೆಯಲು ಒಬ್ಬ ಎದ್ದುನಿಂತರೆ, ಅವನನ್ನು ಕೂರಿಸಲು ಇನ್ನೊಬ್ಬ ಎದ್ದರೆ, ಮುಂದಿನದನ್ನು ಹೇಳಬೇಕಾಗಿಲ್ಲ. ಚೀಲಗಳನ್ನು ದೋಣಿಗೆ ಬಿಗಿಯಾಗಿ ಕಟ್ಟಬೇಕು. ಆದರೆ ಉದ್ದನೆಯ ಹಗ್ಗ ಸಡಿಲವಾಗಿ ಕಾಲಡಿ ಬಿದ್ದಿರಬಾರದು. ಹಗ್ಗವೊಂದೇ ವಸ್ತು, ಸುತ್ತಿಟ್ಟಾಗ ಮಿತ್ರ, ಬಿಚ್ಚಿ ಬಿಟ್ಟಾಗ ಶತ್ರು.

ಹಗುರ ಮಾಡಬಾರದ ವಸ್ತು

ಇಷ್ಟು ಹೊತ್ತು ‘ಬಿಡಿ, ಬಿಡಿ’ ಎಂದು ಹೇಳಿದವನು ಈಗ ಒಂದು ವಸ್ತುವಿನ ವಿಷಯದಲ್ಲಿ ಮಾತ್ರ ‘ಬಿಡಬೇಡಿ’ ಎಂದು ಹೇಳಲೇಬೇಕು. ಅದು ಜೀವರಕ್ಷಕ ಅಂಗಿ. ಮೇಲಿನ ಲೆಕ್ಕದಲ್ಲಿ ಅದು ಸೇರಿಲ್ಲ. ಏಕೆಂದರೆ ಅದರ ಜಾಗ ಚೀಲವಲ್ಲ, ಮೈ. ಸೆಕೆಯೆಂದು ಕಳಚಿ ಪಕ್ಕಕ್ಕಿಟ್ಟ ಅಂಗಿ ಮನೆಯಲ್ಲಿ ಮರೆತುಬಂದ ಅಂಗಿಗೆ ಸಮ. ಪಟ್ಟಿಗಳನ್ನೆಲ್ಲ ಬಿಗಿದ ಮೇಲೆ ಹೆಗಲ ಬಳಿ ಹಿಡಿದು ಮೇಲಕ್ಕೆಳೆದರೆ ಅದು ಗದ್ದ, ಕಿವಿಗಳನ್ನು ದಾಟಿ ಬರಬಾರದು. ಮಕ್ಕಳಿಗೆ ಅವರ ತೂಕಕ್ಕೆ ತಕ್ಕದ್ದೇ ಬೇಕು. ‘ದೊಡ್ಡವನಾಗುತ್ತಾನೆ’ ಎಂದು ಶಾಲೆಯ ಸಮವಸ್ತ್ರದಂತೆ ಒಂದಳತೆ ದೊಡ್ಡದು ಕೊಳ್ಳುವುದು ಇಲ್ಲಿ ಸಲ್ಲದು. “ನನಗೆ ಈಜು ಬರುತ್ತದೆ” ಎಂಬ ಮಾತು ಬಂಡೆಗೆ ತಲೆ ತಗುಲಿದವನನ್ನು ಕಾಪಾಡದು.

ಇದು ಬರಿಯ ಎಚ್ಚರಿಕೆಯ ಮಾತಲ್ಲ. 2016ರ ಸೆಪ್ಟೆಂಬರಿನಲ್ಲಿ ಶಿವಮೊಗ್ಗ ತಾಲ್ಲೂಕಿನ ಹಾಡೋನಹಳ್ಳಿಯ ಬಳಿ ಗಣಪತಿಯ ವಿಸರ್ಜನೆಗೆಂದು ಹೊಳೆಗೆ ಇಳಿದ ತೆಪ್ಪ ಮಗುಚಿ ಹತ್ತಕ್ಕೂ ಹೆಚ್ಚು ಮಂದಿ ಮುಳುಗಿಹೋದರು. ಹಬ್ಬದ ಸಂಭ್ರಮದಲ್ಲಿದ್ದ ಮನೆಗಳು ಒಂದು ಗಳಿಗೆಯಲ್ಲಿ ಕತ್ತಲಾದವು. ಅವರು ನದಿಯನ್ನು ಅರಿಯದವರಲ್ಲ. ಅದರ ದಡದಲ್ಲೇ ಬೆಳೆದವರು. ತೆಪ್ಪಕ್ಕೆ ಹೊರೆಯ ಮಿತಿಯುಂಟು ಎಂಬುದನ್ನೂ, ನೀರಿಗೆ ನಂಟರು ನೆರೆಯವರೆಂಬ ಭೇದವಿಲ್ಲ ಎಂಬುದನ್ನೂ ಈ ಜಿಲ್ಲೆ ಮರೆಯಬಾರದು. ಅಂಬಿಗನು “ಇನ್ನು ಸಾಕು, ಇಳಿಯಿರಿ” ಎಂದರೆ, ಒಬ್ಬರಿಗಾಗಿ ಇಡೀ ತಂಡವೇ ಕಾಯಬೇಕಾದರೂ ಇಳಿಯಬೇಕು. ಸಾಮಾನು ಹಗುರವಾಗಿರಬೇಕೆನ್ನುವುದು ಕೊನೆಗೆ ಇದಕ್ಕಾಗಿಯೇ: ಜನರ ಪ್ರಾಣಕ್ಕೆ ದೋಣಿಯಲ್ಲಿ ಎಡೆಯುಳಿಯಲಿ ಎಂದು.

ಎಲ್ಲಿ, ಯಾವಾಗ?

ಮುಂಗಾರಿನ ತುಂಗೆ ದೂರದಿಂದ ನಮಸ್ಕರಿಸತಕ್ಕವಳು. ಮಳೆ ನಿಂತು ನೀರು ತಿಳಿಯಾದ ಮೇಲೆ, ನವೆಂಬರಿನಿಂದ ಫೆಬ್ರವರಿಯವರೆಗೆ, ಪ್ರಶಸ್ತ ಕಾಲ. ಆಗಲೂ ಹೊರಡುವ ಮುನ್ನ ಅಣೆಕಟ್ಟಿನಿಂದ ನೀರು ಬಿಡುವ ಸಂಗತಿಯನ್ನು ನೀರಾವರಿ ಇಲಾಖೆಯಲ್ಲಿ ವಿಚಾರಿಸಬೇಕು. ಕಾಡಿನ ಅಂಚಿನಲ್ಲಾದರೆ ಅರಣ್ಯ ಇಲಾಖೆಯ ಅಪ್ಪಣೆ ಬೇಕು. ಪೊಲೀಸ್ ಠಾಣೆಗೂ ಮನೆಯವರಿಗೂ ದಾರಿ, ಹಿಂದಿರುಗುವ ಹೊತ್ತು ತಿಳಿಸಿರಬೇಕು. ಊರಿನ ಅಂಬಿಗನ ಜೊತೆಯಿಲ್ಲದೆ ಹೊಸಬರು ಹೊಳೆಗೆ ಇಳಿಯಬಾರದು. ಯಾವ ಬಂಡೆ ಎಲ್ಲಿ ಅಡಗಿದೆ ಎಂಬುದು ನಕ್ಷೆಯಲ್ಲಿಲ್ಲ, ಅವನ ತಲೆಯಲ್ಲಿದೆ. ಹುಟ್ಟು ಹಾಕುವುದನ್ನು ಮೊದಲು ನಿಂತ ನೀರಿನಲ್ಲಿ, ತಿಳಿದವರ ಕಣ್ಣಳತೆಯಲ್ಲಿ ಕಲಿಯಬೇಕು. ಸಾಗರ ತಾಲ್ಲೂಕಿನ ಹೊನ್ನೆಮರಡು ಈ ಕಲಿಕೆಗೆ ಹೆಸರಾದ ಊರು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಕಯಾಕ್, ಹರಿಗೋಲು ನಡೆಸಿ, ನಡುಗಡ್ಡೆಯಲ್ಲಿ ಬಿಡಾರ ಹೂಡುವ ಶಿಬಿರಗಳಿಂದ ಅದು ನಾಡಿನ ಯುವಕರಿಗೆ ಪರಿಚಿತವಾಯಿತು.

ಬಿಡಾರಕ್ಕೆ ನೀರಂಚಿನ ಮರಳು ಎಷ್ಟೇ ಮೆತ್ತಗಿದ್ದರೂ ಒಲ್ಲೆನ್ನಬೇಕು. ರಾತ್ರಿ ನೀರು ಏರಬಹುದು. ಈ ಹೊಳೆಗಳಲ್ಲಿ ಮೊಸಳೆಗಳೂ ಉಂಟು. ಎತ್ತರದ ನೆಲದಲ್ಲಿ ಗುಡಾರ ಹೂಡಿ, ದೋಣಿಯನ್ನು ಮೇಲಕ್ಕೆಳೆದು ಬೋರಲು ಹಾಕಿ ಮರಕ್ಕೆ ಕಟ್ಟಬೇಕು. ಬೇಸಗೆಯ ಹೊತ್ತಿಗೆ ಮರಳುದಿಣ್ಣೆಗಳಲ್ಲಿ ಹೊಳೆಯ ಹಕ್ಕಿಗಳು ಮೊಟ್ಟೆಯಿಡುವುದರಿಂದ ಅಂಥ ಕಡೆ ಹೆಜ್ಜೆಯಿಡದಿರುವುದು ಅತಿಥಿಯಾದವನ ಸೌಜನ್ಯ. ತುಂಬಿ ತಂದ ಪೊಟ್ಟಣಗಳು ಖಾಲಿಯಾದ ಮೇಲೆ ಬಹಳ ಹಗುರ. ಅವನ್ನು ಮರಳಿ ಒಯ್ಯಲು ಯಾರಿಗೂ ಕಷ್ಟವಾಗದು.

ಮನೆಗೆ ಬಂದ ಮೇಲೆ ಇನ್ನೊಂದು ಕೆಲಸ ಉಳಿದಿದೆ. ಚೀಲಗಳನ್ನು ಬಿಚ್ಚಿ, ಬಳಸಿದ್ದು ಯಾವುದು, ಬಳಸದೆ ಹಿಂದಿರುಗಿದ್ದು ಯಾವುದು ಎಂದು ಮತ್ತೆ ಅದೇ ಚಾಪೆಯ ಮೇಲೆ ಹರಡಿ ನೋಡಬೇಕು. ಬಳಸದೆ ಬಂದದ್ದನ್ನು ಮುಂದಿನ ಪಟ್ಟಿಯಿಂದ ಹೊಡೆದುಹಾಕಿದರೆ ಎರಡು ಮೂರು ಪ್ರಯಾಣಗಳಲ್ಲಿ ಗಂಟು ತಾನಾಗಿಯೇ ಹದಕ್ಕೆ ಬರುತ್ತದೆ. ಈ ನಿಯಮಕ್ಕೆ ಮೂರು ವಸ್ತುಗಳು ಮಾತ್ರ ಹೊರತು: ಔಷಧದ ಡಬ್ಬಿ, ಸಿಳ್ಳೆ, ಹಗ್ಗ. ಅವು ಪ್ರತಿ ಸಲವೂ ಹೋಗಲಿ. ಪ್ರತಿ ಸಲವೂ ಮುಟ್ಟಿಸಿಕೊಳ್ಳದೆ ಹಿಂದಿರುಗಿ ಬರಲಿ.